ಅರ್ಲೀನಳ ಗಡಿಯಾರ

ಚುನಾವಣಾ ಚರ್ಚೆಯಲ್ಲಿ ಸಮಯ ಮುಗಿಯಿತೆಂದು ಅರ್ಲೀನ್ ಗಂಟೆ ಒತ್ತಿ ನಲವತ್ತು ಸೆಕೆಂಡ್ ಕಳೆದಿದ್ದರೂ ಸಂಸದ ಹೋಲ್ಕಂಬ್ ಮಾತು ನಿಲ್ಲಿಸಿರಲಿಲ್ಲ. ಬೆಲೆ ಇಳಿಯುತ್ತಿದೆ, ತೆರಿಗೆ ಇಳಿದಿದೆ, ದೇಶ ಇಷ್ಟು ಸುಭಿಕ್ಷವಾಗಿ ಎಂದೂ ಇರಲಿಲ್ಲ ಎನ್ನುತ್ತಲೇ ಇದ್ದರು. ಶಾಲೆಯ ಒಳಾಂಗಣ ಬಾಸ್ಕೆಟ್‌ಬಾಲ್ ಅಂಗಳದ ಎಡಗಡೆ ಮೆಟ್ಟಿಲುಗಳಲ್ಲಿ ಕೂತಿದ್ದ ರಿಪಬ್ಲಿಕನ್ನರು ಕಾಲಿನಿಂದ ಹಲಗೆ ಗುದ್ದಿ ಸಂಭ್ರಮಿಸಿದರು. ಬಲಗಡೆಯ ಡೆಮಾಕ್ರಾಟರು ಹೋ ಎಂದು ಅರಚಿದರು. ಅವರ ಅಭ್ಯರ್ಥಿ ಮೆರಿಡಿತ್ ಆಸ್ಗುಡ್, ಜನಕ್ಕೆ ಮೊಟ್ಟೆ ಕೊಳ್ಳಲೂ ಗತಿಯಿಲ್ಲ ಎಂದು ಆಗಷ್ಟೇ ಗುಡುಗಿ ಕೂತಿದ್ದಳು. ನಾಲ್ಕು ವರ್ಷದ ಹಿಂದೆ, ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಾವಧಿ ಚುನಾವಣೆಯಲ್ಲೂ ಇದೇ ಜಾಗದಲ್ಲಿ ಇವೇ ಮಾತುಗಳು ಕೇಳಿಸಿದ್ದವು. ಆಗ ಅಧ್ಯಕ್ಷರು ಬಲಗಡೆಯ ಪಕ್ಷದವರು, ಹಾಗಾಗಿ ಸುಭಿಕ್ಷ ಬಲಗಡೆ ಇತ್ತು, ಬರ ಎಡಗಡೆ ಇತ್ತು, ಅಷ್ಟೇ ವ್ಯತ್ಯಾಸ.

ಅರ್ಲೀನ್ ಪ್ರುಸಾಕಳಿಗೆ ಎಪ್ಪತ್ತೊಂದು ವರ್ಷ. ಹುಡುಗಿಯರ ಬಾಸ್ಕೆಟ್‌ಬಾಲಿಗೆ ಇದೇ ಅಂಗಳದಲ್ಲಿ ಮೂವತ್ತೊಂದು ವರ್ಷ ರೆಫರಿಯಾಗಿ ದುಡಿದವಳು. ಅವಳು ಯಾರಿಗೆ ಓಟು ಹಾಕುತ್ತಾಳೆಂದು ಊರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಗಡಿಯಾರ ನೋಡಿಕೊಳ್ಳಲು ಅವಳಾಗಬಹುದೇ ಎಂದು ಕೇಳಿದಾಗ ಎರಡೂ ಪಕ್ಷದವರು, ಪಾಪ, ಅಜ್ಜಿ ತಾನೇ, ಎಂದು ಒಪ್ಪಿಬಿಟ್ಟಿದ್ದರು. ಅವರು ಎಡವಿದ್ದೇ ಅಲ್ಲಿ.

ಮೂರನೇ ಸಾಲಿನಲ್ಲಿ ಪಕ್ಕದ ಮನೆಯ ಟ್ವೈಲಾ ಕೈಕಟ್ಟಿ ಕೂತಿದ್ದಳು. ಪಿಜ್ಜಾ ಕಾರ್ಖಾನೆಯಲ್ಲಿ ಅವಳದು ರಾತ್ರಿ ಪಾಳಿ. ನವೆಂಬರ್ ಕೊನೆಗೆ ಆ ಪಾಳಿ ನಿಂತುಹೋಗುತ್ತದೆ, ಇನ್ನೂರ ಹತ್ತು ಜನ ಮನೆಗೆ. ಈ ಚರ್ಚೆಯಲ್ಲಿ ಜನ ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕುವುದು ವಾಡಿಕೆ, ಮೊದಲು ಹಾಕಿದವರ ಚೀಟಿಗೆ ಮೊದಲ ಸರದಿ. ಈ ಸಲ ಮೊದಲು ಹಾಕಿದವಳು ಟ್ವೈಲಾ. ಕಳೆದ ಎರಡು ಚುನಾವಣೆಯಲ್ಲಿ ಅಭ್ಯರ್ಥಿಗಳ ಮಾತೇ ಮುಗಿಯದೆ ಪೆಟ್ಟಿಗೆಯ ಮುಚ್ಚಳವನ್ನು ಯಾರೂ ತೆರೆದಿರಲಿಲ್ಲ. ಎಂಟು ಗಂಟೆಗೆ ಸರಿಯಾಗಿ ವಾಲಿಬಾಲ್ ಹುಡುಗಿಯರಿಗೆ ಜಾಗ ಬಿಟ್ಟುಕೊಡಬೇಕು. "ಈ ಸಲ ನಿನ್ನ ಚೀಟಿ ಓದಿಸ್ದೆ ಇದ್ರೆ ನಾನು ರೆಫರಿನೇ ಅಲ್ಲ ಕಣೇ" ಎಂದು ಬೆಳಿಗ್ಗೆ ಬೇಲಿಯ ಮೇಲಿಂದ ಅರ್ಲೀನ್ ಮಾತು ಕೊಟ್ಟಿದ್ದಳು.

ನಿರೂಪಕನ ಮುಂದಿನ ಪ್ರಶ್ನೆಗೆ ಹೋಲ್ಕಂಬ್ ಎದ್ದು ನಿಂತರು. ಗೋಡೆಯ ಮೇಲಿನ ದೊಡ್ಡ ಗಡಿಯಾರದಲ್ಲಿ ಒಂದು ಉತ್ತರಕ್ಕೆ ಸಿಗುವ ತೊಂಬತ್ತು ಸೆಕೆಂಡಿನ ಬದಲು ಐವತ್ತು ಕಾಣಿಸಿತು.

"ಮೇಡಂ, ನಿಮ್ಮ ಗಡಿಯಾರ ಕೆಟ್ಟಿದೆ" ಎಂದು ಅವರು ನಕ್ಕರು.

"ಕೆಟ್ಟಿಲ್ಲ ಸರ್. ನೀವು ನಲವತ್ತು ಸೆಕೆಂಡ್ ಆಗಲೇ ತಿಂದಿದೀರಿ."

"ಇದು ಯಾವ ನಿಯಮ?"

"ನೀವಿಬ್ಬರೂ ಸಹಿ ಹಾಕಿದ ಹಾಳೇಲಿ ನಾಲ್ಕನೇ ನಿಯಮ. ಓದಿ ಸಹಿ ಹಾಕ್ಬೇಕಿತ್ತು. ನಲವತ್ತೈದು ಉಳೀತು."

ಬಲಗಡೆಯವರು ಬಿದ್ದು ಬಿದ್ದು ನಕ್ಕರು. ಆ ನಗು ಬಹಳ ಹೊತ್ತು ಬಾಳಲಿಲ್ಲ. ಹಣದುಬ್ಬರದ ಮಾತಿನ ಭರಾಟೆಯಲ್ಲಿ ಮೆರಿಡಿತಳೂ ಅರ್ಧ ನಿಮಿಷ ಮೀರಿದಳು, ಅವಳ ಮುಂದಿನ ಸರದಿಯಲ್ಲಿ ಗಡಿಯಾರ ಅರವತ್ತರಿಂದಲೇ ಶುರುವಾಯಿತು. ಈಗ ಎಡಗಡೆಯವರು ನಕ್ಕರು. ಮೆರಿಡಿತ್ ಒಮ್ಮೆ ಹುಬ್ಬು ಗಂಟಿಕ್ಕಿ ಅಜ್ಜಿಯನ್ನು ನೋಡಿದಳು. ಇಂಥ ನೋಟಗಳನ್ನು ಅರ್ಲೀನ್ ಸಾವಿರ ಕಂಡಿದ್ದಳು, ಕೋಚುಗಳಿಂದ, ಅಪ್ಪಂದಿರಿಂದ. ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು. ಅಲ್ಲಿಂದ ಮುಂದೆ ಇಬ್ಬರೂ ಶಾಲೆಯ ಮಕ್ಕಳ ಹಾಗೆ ಗಡಿಯಾರ ನೋಡಿಕೊಂಡೇ ಮಾತಾಡಿದರು. ದೇಶ ಉದ್ಧಾರವಾಗುವುದಕ್ಕೂ ಹಾಳಾಗುವುದಕ್ಕೂ ತೊಂಬತ್ತು ಸೆಕೆಂಡ್ ಧಾರಾಳವಾಗಿ ಸಾಕಾಯಿತು.

ಎಂಟಕ್ಕೆ ನಾಲ್ಕು ನಿಮಿಷ ಬಾಕಿ ಇರುವಾಗ ನಿರೂಪಕನ ಪ್ರಶ್ನೆಗಳೆಲ್ಲ ಮುಗಿದುಹೋದವು. ಅವನು ಪೆಚ್ಚಾಗಿ ಅರ್ಲೀನಳತ್ತ ನೋಡಿದ. ಅವಳು ಪೆಟ್ಟಿಗೆಯತ್ತ ಕೈ ತೋರಿಸಿದಳು. ಅವನು ಮೊದಲ ಚೀಟಿ ತೆಗೆದು ಓದಿದ:

"ಪಿಜ್ಜಾ ಕಾರ್ಖಾನೆ ರಾತ್ರಿ ಪಾಳಿಯವರದ್ದು. ಆರ್ಥಿಕತೆ ಚೆನ್ನಾಗಿದೆ ಅಂತ ಒಬ್ರು, ಕೆಟ್ಟಿದೆ ಅಂತ ಒಬ್ರು ಹೇಳ್ತೀರಿ. ಓಟಿನ ಎಣಿಕೆ ಮುಗಿದ ಮೇಲೆ ಯಾರೂ ಈ ಕಡೆ ತಲೆ ಹಾಕಲ್ಲ. ಚುನಾವಣೆಯ ಮರುದಿನ ಬುಧವಾರ ಐದೂವರೆಗೆ ನಮ್ಮ ಪಾಳಿ ಬಿಡುತ್ತೆ. ಗೆದ್ರೂ ಸೋತ್ರೂ ಇಬ್ಬರೂ ಗೇಟಿಗೆ ಬಂದು ನಮ್ಮ ಜೊತೆ ಮಾತಾಡ್ತೀರಾ? ಹೌದು ಅಥವಾ ಇಲ್ಲ ಅನ್ನಿ ಸಾಕು."

"ಉದ್ಯೋಗದ ವಿಷಯದಲ್ಲಿ ನಮ್ಮ ಪಕ್ಷ ಮೊದಲಿಂದಲೂ..." ಎಂದು ಹೋಲ್ಕಂಬ್ ಶುರು ಮಾಡಿದರು.

"ಹೌದಾ, ಇಲ್ವಾ ಹೇಳ್ರೀ" ಎಂದು ಯಾರೋ ಕೂಗಿದರು. ಕೂಗಿದ್ದು ಅವರದೇ ಎಡಗಡೆಯಿಂದ. ಬಲಗಡೆಯವರೂ ದನಿಗೂಡಿಸಿದರು. ನಾನೂರು ಜನ ಕಾಲಿನಿಂದ ಒಂದೇ ತಾಳದಲ್ಲಿ ಹಲಗೆ ಗುದ್ದತೊಡಗಿದರು. ಮೂವತ್ತೊಂದು ವರ್ಷದಲ್ಲಿ ಎರಡೂ ಕಡೆಯವರು ಒಂದೇ ತಂಡಕ್ಕೆ ಗುದ್ದಿದ್ದನ್ನು ಅರ್ಲೀನ್ ಕಂಡಿರಲಿಲ್ಲ.

"ಹೌದು" ಎಂದಳು ಮೆರಿಡಿತ್.

"ಹೌದು, ಬರ್ತೀನಿ" ಎಂದರು ಹೋಲ್ಕಂಬ್.

ಸದ್ದಿಗೆ ಚಾವಣಿಯ ದೀಪಗಳು ಅಲುಗಾಡಿದವು. ಕಾರ್ಖಾನೆಯ ಹೆಂಗಸರು ಟ್ವೈಲಾಳನ್ನು ತಬ್ಬಿ ಕುಲುಕಿದರು. ಎರಡೂ ಕಡೆಯ ಜನ ಮೆಟ್ಟಿಲಿಳಿದು ಅಂಗಳದ ನಡುವೆ ಕಲಸಿಹೋದರು. ಪಾಳಿ ಉಳಿಯುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಆದರೆ ನಾನೂರು ಜನರ ಎದುರು ಕೊಟ್ಟ ಮಾತನ್ನು ನುಂಗಿಕೊಂಡು ಈ ಊರಿನಲ್ಲಿ ಇನ್ನೊಮ್ಮೆ ಓಟು ಕೇಳುವುದು ಇಬ್ಬರಿಗೂ ಸಾಧ್ಯವಿರಲಿಲ್ಲ. ಅರ್ಲೀನಳಿಗೆ ಅಷ್ಟು ಗೆಲುವು ಸಾಕಾಗಿತ್ತು.

ಹೊರಡುವ ಮುನ್ನ ಹೋಲ್ಕಂಬ್ ಟ್ವೈಲಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ಐದೂವರೆ ಅಂದ್ರೆ, ಸಂಜೆ ತಾನೆ?"

"ಬೆಳಿಗ್ಗೆ ಸರ್" ಎಂದಳು ಟ್ವೈಲಾ. "ಆ ಹೊತ್ತಲ್ಲೂ ಇಲ್ಲಿ ಒಂದು ದೇಶ ಎದ್ದಿರುತ್ತೆ."