ಡಬ್ಬದ ಮೇಲಿನ ಹೆಸರು

"ನನಗೆ ಘಟೋತ್ಕಚ ಮಾರ್ಕಿನ ವೆಲ್ಡಿಂಗ್ ರಾಡೇ ಬೇಕು" ಎಂದು ಹೊಸ ಗಿರಾಕಿ ಹಟ ಹಿಡಿದ.

ಆ ಮಾರ್ಕು ಸಿಗುತ್ತಿದ್ದದ್ದು ಎದುರಂಗಡಿಯಲ್ಲಿ ಮಾತ್ರ. ಎರಡೂ ಅಂಗಡಿಗಳ ಯಜಮಾನರು ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಈ ಅಂಗಡಿಯ ಯಜಮಾನ ತನ್ನ ಡಬ್ಬದಿಂದ ಒಂದು ರಾಡು ಎಳೆದು, ಅದರ ಮೇಲೆ ಅಚ್ಚಾಗಿದ್ದ ನಂಬರು ತೋರಿಸಿದ. "ಹೆಸರು ಕಂಪನಿಯವ್ರು ಇಟ್ಕೊಂಡಿದ್ದು ಸ್ವಾಮಿ, ಗುಣ ಹೇಳೋದು ಈ ನಂಬರು. ಅಲ್ಲೂ 6013, ಇಲ್ಲೂ 6013. ಯಾವ ಡಬ್ಬದಿಂದ ಬಂದೆ ಅಂತ ಕಬ್ಬಿಣ ಕೇಳುತ್ತಾ?"

ಗಿರಾಕಿ ತಲೆದೂಗಿ, ಎರಡು ಡಬ್ಬ ಕೊಂಡು ಹೋದ.

ಗಲ್ಲಾದಲ್ಲಿ ಕೂತಿದ್ದ ಮಗಳು ಕೇಳಿದಳು. "ಹಾಗಾದ್ರೆ ಡಬ್ಬ ಮುಖ್ಯ ಅಲ್ವಾ ಅಪ್ಪ?"

"ದೇವರಾಣೆಗೂ ಅಲ್ಲ ಕಣಮ್ಮ. ಗುಣ ನೋಡ್ಬೇಕು."

"ನಾನು ಹೇಳಿದ ಹುಡುಗನ ಗುಣ?"

"ಒಪ್ಪಿದೀನಲ್ಲ! ಓದು, ಕೆಲಸ, ನಡತೆ, ನೀನು ಹೇಳಿದ್ದರಲ್ಲಿ ಎಲ್ಲಾ ಚೊಕ್ಕವಾಗಿದೆ. ಯಾರ ಮನೆ ಅನ್ನೋದೊಂದು ಬಾಯಿ ಬಿಡು, ನಾಳೇನೇ ಹೋಗಿ ಮಾತಾಡ್ತೀನಿ."

"ರಸ್ತೆ ದಾಟಿದ್ರೆ ಸಾಕಪ್ಪ, ಎದುರಂಗಡಿಯವ್ರ ಮಗ. ಈಗ ನಿನ್ನ ಮಾತಿಗೆ ತಲೆದೂಗಿ ಹೋದ್ರಲ್ಲ, ಅವರು ಹುಡುಗನ ಸೋದರಮಾವ."