ಟವರ್ ಸಿಗದ ಮನೆ

ಹುಟ್ಟುಗುರುಡಿ ಕಾಶವ್ವ ಪೇಟೆಯ ಅಂಧರ ಹಾಸ್ಟೆಲ್ಲಿನಲ್ಲಿ ಬೆತ್ತದ ಕುರ್ಚಿ ಹೆಣೆದುಕೊಂಡಿದ್ದಳು. ಹಾಸ್ಟೆಲ್ಲು ಮುಚ್ಚುತ್ತದೆಂದು ತಿಳಿದಂದಿನಿಂದ ಊರಿನ ಅಣ್ಣನಿಗೆ ಫೋನು ಮಾಡಿ ಮಾಡಿ ಸೋತಿದ್ದಳು. ಆತ ಒಮ್ಮೆಯೂ ಎತ್ತಿರಲಿಲ್ಲ.

ಒಂದು ಮುಂಜಾನೆ ಅವಳ ಮಾತಾಡುವ ಫೋನು, ಬರೆದಿಟ್ಟ ಹೆಸರು ಓದಿ, "ಅತ್ತಿಗೆ ಅವರಿಂದ ಕರೆ ಬರುತ್ತಿದೆ" ಎಂದಿತು. ಎತ್ತಿದರೆ ಅಣ್ಣನ ದನಿ.

"ತಂಗೀ, ಯಾವ ಗುಂಡಿ ಒತ್ತೀನೋ ಏನೋ, ನನ್ನ ಫೋನೂ ನಿನ್ನ ಫೋನಿನಂಗ ಮುಟ್ಟಿದ್ದಕ್ಕೆಲ್ಲ ಒದರಾಕ ಹತ್ತೇತಿ. ಬಂದು ಇದರ ಬಾಯಿ ಮುಚ್ಚಸವ್ವಾ."

ಕಾಶವ್ವ ಬಟ್ಟೆಯ ಗಂಟು ಕಟ್ಟಿಕೊಂಡೇ ಬಸ್ಸು ಹತ್ತಿದಳು.

ಅಣ್ಣ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಫೋನು ಅವಳ ಮಡಿಲಿಗಿಟ್ಟ. ಅತ್ತಿಗೆ ಚಹಾ ಕೊಟ್ಟಳು.

"ಅಣ್ಣಾ, ಹಾಸ್ಟೆಲ್ ಮುಚ್ಚತಾರ. ಇಲ್ಲೇ ಬಂದಿರಲೇನು ಅಂತ ಕೇಳಾಕ ಎಷ್ಟು ಸಲ ಫೋನ್ ಮಾಡಿದೆ!"

"ಹುಚ್ಚಿ, ಇದೇನು ಕೇಳೂ ಮಾತಾ? ನಿನ್ನ ತವರುಮನಿ ಇದು. ನಿನ್ನ ಫೋನ್ ಬಂದ್ರ ಎತ್ತದ ಇರ್ತೀನೇನು? ನಮ್ಮನ್ಯಾಗ ಟವರ್ ಸಿಗಂಗಿಲ್ಲ ನೋಡು."

ಕಾಶವ್ವನಿಗೆ ಹಾಲು ಕುಡಿದಷ್ಟು ಸಮಾಧಾನವಾಯಿತು.

"ನಾನೂ ಹಂಗ ಅನ್ಕೊಂಡಿದ್ದೆ. ಬಾಯಿ ಆಮ್ಯಾಲ ಮುಚ್ಚಸೂಣು, ಮೊದಲು ಟವರ್ ನೋಡೂಣು ತಡಿ" ಎನ್ನುತ್ತ ತನ್ನ ಫೋನಿನಿಂದ ಅಣ್ಣನ ನಂಬರಿಗೆ ಕರೆ ಮಾಡಿದಳು.

ಮಡಿಲಲ್ಲಿದ್ದ ಅಣ್ಣನ ಫೋನು ಮನೆಮಂದಿಗೆಲ್ಲ ಕೇಳುವಂತೆ ಹೇಳಿತು: "ಕುರುಡಿ ಎತ್ತಬ್ಯಾಡ ಅವರಿಂದ ಕರೆ ಬರುತ್ತಿದೆ."