ತುಟಿಗೆ ಕೂತ ಮಾತು

ಸರ್ಕಾರದ ಚಿತ್ರ ಮಂಡಳಿ ಮಾತು ತಿದ್ದಿಸಿದ ಸಿನಿಮಾ ಶುಕ್ರವಾರ ತೆರೆಗೆ ಬಂತೆಂದರೆ, ಆ ಮಾತನ್ನು ಆಡಿದ್ದವರ ಬಾಯಲ್ಲೂ ಅಂದಿನಿಂದ ಅದು ತಿದ್ದಿದಂತೆಯೇ ಬರುತ್ತಿತ್ತು. ಅವರ ದನಿಯೂ ಡಬ್ಬಿಂಗ್ ಮಾಡಿದವರ ದನಿಯೇ ಆಗಿಬಿಡುತ್ತಿತ್ತು. ಜನ ಇದಕ್ಕೆ ಎಂದೋ ಒಗ್ಗಿಹೋಗಿದ್ದರು. ಡಬ್ಬಿಂಗ್ ಕಲಾವಿದೆ ವಾರಿಜಾಕ್ಷಿಯೂ ಒಗ್ಗಿದ್ದಳು, ಇವತ್ತು ಗಣಿಯೂರಿನ ಬಸ್ಸು ಹತ್ತುವವರೆಗೆ.

ಪಕ್ಕದ ಸೀಟಿನಲ್ಲಿ ಹುಲಿಗೆಮ್ಮ ಕೂತಿದ್ದಳು. ಗಣಿ ಕೂಲಿಗಳ ಸಾಕ್ಷ್ಯಚಿತ್ರದಲ್ಲಿ ಕ್ಯಾಮೆರಾ ಎದುರು "ಗಣಿ ನನ್ನ ಗಂಡನ್ನ ತಿಂತು" ಎಂದು ಎದೆ ಬಡಿದುಕೊಂಡಿದ್ದವಳು. ಆ ತುಟಿಗೆ ಸರಿಯಾಗಿ ಕೂರುವ ಮಾತು ಮಂಡಳಿಯವರಿಗೆ ಹೊಳೆದಿರಲಿಲ್ಲ. "'ತಿಂತು' ತೆಗೆದು 'ಸಾಕ್ತು' ಅಂದ್ರೆ ಆಯ್ತಲ್ಲ ಸಾರ್" ಎಂದು ಹುರುಪಿನಿಂದ ಹೇಳಿಕೊಟ್ಟು, ಅದಕ್ಕೆ ದನಿ ಕೊಟ್ಟವಳೂ ವಾರಿಜಾಕ್ಷಿಯೇ. ಅಲ್ಲಿದ್ದವರು ಚಪ್ಪಾಳೆ ತಟ್ಟಿದ್ದರು.

ಹುಲಿಗೆಮ್ಮ ಮುಂದಿನ ಸೀಟಿನವರಿಗೆ ಗಂಡನ ಫೋಟೋ ತೋರಿಸುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಯಿ ಮಾತ್ರ ವಾರಿಜಾಕ್ಷಿಯ ಇಂಪಾದ ದನಿಯಲ್ಲಿ, "ಗಣಿ ನನ್ನ ಗಂಡನ್ನ ಸಾಕ್ತು" ಎಂದಿತು.

ಅಷ್ಟರಲ್ಲಿ ಕಂಡಕ್ಟರ್ ಬಂದ. "ಎಲ್ಲಿಗ್ರೀ ಅಕ್ಕಾ?"

ಒಂದು ಮಾತಾಡಿದರೂ ಹುಲಿಗೆಮ್ಮನಿಗೆ ದನಿಯಿಂದಲೇ ವಾರಿಜಾಕ್ಷಿಯ ಗುರುತು ಸಿಕ್ಕಿಬಿಡುತ್ತಿತ್ತು. ವಾರಿಜಾಕ್ಷಿ ತಲೆ ತಗ್ಗಿಸಿ, ಊರಿನ ಹೆಸರನ್ನು ಮೊಬೈಲಿನಲ್ಲಿ ಬರೆದು ಹಿಡಿದಳು.

"ಕನ್ನಡಕ ತಂದಿಲ್ರೀ, ಬಾಯಿ ಬಿಟ್ಟು ಹೇಳ್ರಿ!" ಕಂಡಕ್ಟರ್ ರೇಗಿದ.

ಹುಲಿಗೆಮ್ಮ ಫೋಟೋವನ್ನು ಮಡಿಲಲ್ಲಿಟ್ಟು, ವಾರಿಜಾಕ್ಷಿಯ ಬೆನ್ನು ಸವರಿದಳು.

"ಬೈಬ್ಯಾಡಪ್ಪಾ," ಎಂದಳು, ವಾರಿಜಾಕ್ಷಿಯದೇ ದನಿಯಲ್ಲಿ. "ಪಾಪ, ಇಕಿಗೆ ಮಾತು ಬರಂಗಿಲ್ಲ ಕಾಣ್ತೈತಿ."